ಮೂವತ್ತು ಸದ್ದು

ಹೊಸಕೋಟೆ ಶಿಬಿರ
೧೪ ಫೆಬ್ರವರಿ ೧೯೪೩

ಅಕ್ಕನ ಪಾದಗಳಿಗೆ ಕೋದಂಡನ ನಮಸ್ಕಾರ.

ಇಲ್ಲಿ ನಾನು ಕ್ಷೇಮ. ಅಲ್ಲಿ ನೀನೂ ಭಾವನೂ ಕ್ಷೇಮವೆಂದು ನಾನೇ ಬರೆದುಕೊಂಡುಬಿಡುತ್ತೇನೆ. ನೀನು ಉತ್ತರ ಬರೆಯುತ್ತೀಯೋ ಇಲ್ಲವೋ ಯಾರಿಗೆ ಗೊತ್ತು.

ಮನೆ ಬಿಟ್ಟು ಇವತ್ತಿಗೆ ಇಪ್ಪತ್ತಾರು ದಿನ. ಬರ್ಮಾಕ್ಕೆ ಕಳಿಸುತ್ತಾರೆ, ಹಡಗು ಹತ್ತಿಸುತ್ತಾರೆ ಎಂದು ಪೇಟೆಯಲ್ಲಿ ಎಷ್ಟು ಹೆದರಿಸಿದ್ದರು. ನೋಡಿದರೆ ನನ್ನನ್ನು ದೊಡ್ಡಬಳ್ಳಾಪುರದಿಂದ ಇಪ್ಪತ್ತೆಂಟು ಮೈಲಿ ದೂರಕ್ಕೆ ತಂದು ಇಲ್ಲೇ ಮರೆತುಬಿಟ್ಟಿದ್ದಾರೆ. ಬರ್ಮಾದಲ್ಲಿದ್ದರೆ ದೂರ ಎಂದು ಸಮಾಧಾನವಾದರೂ ಇರುತ್ತಿತ್ತು.

ಕೆಲಸ ಏನೆಂದು ಹೇಳಿದರೆ ನಗುತ್ತೀಯ. ಬಂದೂಕು ಹಿಡಿಯಲು ಸೇರಿದವನ ಕೈಗೆ ಗಂಜಿ ಪಾತ್ರೆ ಕೊಟ್ಟಿದ್ದಾರೆ. ಮೊದಲು ಕಡಲೆಕಾಯಿ ತುಂಬುತ್ತಿದ್ದ ಒಂದು ಉದ್ದನೆಯ ಗೋಡೌನು ಇಲ್ಲಿದೆ, ಮೇಲೆ ತಗಡಿನ ಮಾಡು. ಅದರೊಳಗೇ ಗುಂಡು ಹಾರಿಸುವ ಅಭ್ಯಾಸ. ಈ ಕೊನೆಯಲ್ಲಿ ಗೋಣಿತಟ್ಟಿನ ಮೇಲೆ ಆರು ಜನ ಬೋರಲು ಮಲಗುತ್ತಾರೆ. ಇಪ್ಪತ್ತೈದು ಗಜದ ಆಚೆ ಮರಳಿನ ಚೀಲಗಳನ್ನು ಮಾಡಿನವರೆಗೆ ಪೇರಿಸಿದೆ. ಅದರ ಮುಂದೆ ಆರು ಹಲಗೆ, ಹಲಗೆಗೆ ಕಾಗದ, ಕಾಗದದ ನಡುವೆ ಕಪ್ಪು ಬೊಟ್ಟು. ಒಬ್ಬೊಬ್ಬರಿಗೆ ಐದು ಗುಂಡು. ಅವರು ಹಾರಿಸಿ ಮುಗಿಸಿದ ಮೇಲೆ ನಾನು ಹೋಗಿ ತೂತು ಎಣಿಸಿ, ಕಾಗದದ ಚೂರಿಗೆ ಗಂಜಿ ಸವರಿ ಮುಚ್ಚಿ ಬರಬೇಕು. ದಿನಕ್ಕೆ ಐನೂರು ತೂತಾದರೂ ಮುಚ್ಚುತ್ತೇನೆ.

ಈ ಕೆಲಸ ಕೊಟ್ಟವರು ಹವಾಲ್ದಾರ್ ಮುನಿಶಾಮಪ್ಪನವರು. ನಂದಗುಡಿ ಕಡೆಯವರು. ಅವರಿಗಿಂತ ಮೊದಲು ಅವರ ಮೀಸೆ ಬಾಗಿಲು ದಾಟುತ್ತದೆ. ನಾನು ನೇಕಾರನೆಂದು ತಿಳಿದ ಕೂಡಲೇ, "ಲೇ ಬಳ್ಳಾಪುರ, ನೂಲಿಗೆ ಗಂಜಿ ಹಾಕೋನು ಕಾಗದಕ್ಕೆ ಹಾಕೋಕಾಗಲ್ವೇನೋ? ಹಿಡಿ ಪಾತ್ರೆ" ಎಂದರು. ಅಂದಿನಿಂದ ನನ್ನ ಹೆಸರು ಬಳ್ಳಾಪುರ. ಮನುಷ್ಯ ಒರಟು, ಆದರೆ ನಿಯಮದಲ್ಲಿ ಕೂದಲೆಳೆಯಷ್ಟೂ ಬಿಡುವುದಿಲ್ಲ. ಬಂದೂಕಿನ ಬಾಯಿ ಯಾವಾಗಲೂ ಮರಳಿನ ಕಡೆಗೇ ಇರಬೇಕು. ಖಾಲಿ ಬಂದೂಕೂ ತುಂಬಿದೆ ಎಂದೇ ಹಿಡಿಯಬೇಕು. ಅವರು ಹೇಳುವ ಮೊದಲು ಯಾರ ಬೆರಳಾದರೂ ಗುಂಡು ಹಾರಿಸುವ ಕುದುರೆಯ ಮೇಲೆ ಹೋಯಿತೋ, ಆ ಬೆರಳಿಗೆ ಬೆತ್ತ. ಎಲ್ಲರೂ ಹಾರಿಸಿ, ಗುಂಡು ಕೂರುವ ಜಾಗದ ಬೋಲ್ಟು ತೆರೆದು, ಬಂದೂಕು ಕೆಳಗಿಟ್ಟ ಮೇಲೆ ನಾನು ಗಂಟೆ ಬಾರಿಸುತ್ತೇನೆ. ನನ್ನ ಗಂಟೆಯಾಗದೆ ಆ ಕಡೆ ಯಾರೂ ಕಾಲಿಡುವಂತಿಲ್ಲ. ನೋಡು, ನಿನ್ನ ತಮ್ಮನ ಅಧಿಕಾರ.

ಮನೆ ಬಿಟ್ಟ ದಿನದ ಮಾತು ಬರೆಯಬಾರದೆಂದಿದ್ದೆ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಭಾವ "ಇಬ್ಬರಿಗೆ ಸಾಕಾಗೋ ಮಗ್ಗ ಮೂವರಿಗೆ ಎಲ್ಲಿ ಸಾಕಾಗ್ತದೆ" ಎಂದರು. ಅದರಲ್ಲಿ ತಪ್ಪೇನಿಲ್ಲ. ರೇಷ್ಮೆಯೆಲ್ಲ ಯುದ್ಧದಲ್ಲಿ ವಿಮಾನದಿಂದ ಧುಮುಕುವವರ ಗಾಳಿಕೊಡೆಗೆ ಹೋಗುತ್ತಿರುವಾಗ ಅವರಾದರೂ ಏನು ಮಾಡಿಯಾರು. ಆದರೆ ನೀನು ಸುಮ್ಮನಿದ್ದೆ. ಬೆಳಿಗ್ಗೆ ನಾನು ಗಂಟು ಹಿಡಿದು ಹೊಸ್ತಿಲು ದಾಟಿದಾಗಲೂ ಸುಮ್ಮನಿದ್ದೆ. ನಾನು ಬೀದಿಯ ತುದಿಯವರೆಗೆ ಮೆಲ್ಲಗೆ ನಡೆದೆ, ನೀನು ಕೂಗಬಹುದೆಂದು.

ಉತ್ತರ ಬರೆ ಅಕ್ಕ. ಬೈದಾದರೂ ಬರೆ.

ನಿನ್ನ ತಮ್ಮ
ಕೋದಂಡರಾಮಯ್ಯ


ದೊಡ್ಡಬಳ್ಳಾಪುರ
೯ ಮಾರ್ಚ್ ೧೯೪೩

ಚಿರಂಜೀವಿ ಕೋದಂಡನಿಗೆ ಅಕ್ಕ ಗಂಗಲಕ್ಷ್ಮಮ್ಮನ ಆಶೀರ್ವಾದ.

ಬೈದಾದರೂ ಬರೆ ಎಂದಿದ್ದೀಯ. ಬೈಗುಳಕ್ಕೆ ಈ ಕಾಗದ ಸಾಲುವುದಿಲ್ಲ, ಬಂದಾಗ ಬಾಯಲ್ಲೇ ಬಯ್ಯುತ್ತೇನೆ.

ನಿನ್ನ ಪತ್ರವನ್ನು ನಡುವೆ ಯಾರೋ ಒಡೆದು ಓದಿ ಮತ್ತೆ ಅಂಟಿಸಿದ್ದಾರೆ. ಅಂಟಿಸಿದ್ದು ನೀನಲ್ಲವೆಂದು ನೋಡಿದ ಕೂಡಲೇ ತಿಳಿಯಿತು, ಅಷ್ಟು ಹೊಲಸಾಗಿದೆ. ಇದನ್ನೀಗ ಓದುತ್ತಿರುವ ಮಹಾನುಭಾವರಿಗೂ ನಮಸ್ಕಾರ. ಇದರಲ್ಲಿ ಮನೆಯ ಮಾತು ಬಿಟ್ಟರೆ ಬೇರೇನೂ ಇಲ್ಲ, ದಯವಿಟ್ಟು ಬೇಗ ಮುಂದಕ್ಕೆ ಕಳಿಸಿ.

ನೀನು ಅರ್ಧಕ್ಕೆ ಬಿಟ್ಟು ಹೋದ ಸೀರೆ ಮಗ್ಗದ ಮೇಲೆ ಹಾಗೇ ಇದೆ. ಒಂಬತ್ತು ಮೊಳ ನೇಯ್ದಿದ್ದೀಯ, ಸೆರಗು ಇನ್ನೂ ಬರಬೇಕು. ನಿಮ್ಮ ಭಾವ ದಿನಕ್ಕೊಂದು ಸಲ ಅದರ ಸುತ್ತ ಸುಳಿಯುತ್ತಾರೆ. ಕೂರಲು ನಾನು ಬಿಟ್ಟಿಲ್ಲ. ನಡುವೆ ಕೈ ಬದಲಾದರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ ಎಂದು ನಿನಗೆ ನಾನು ಹೇಳಬೇಕೆ? ನಿನ್ನ ಏಟು ಹಗುರ, ಅವರದು ಬಿಗಿ. "ಮಗ್ಗಕ್ಕೆ ಬೀಗ ಹಾಕ್ಕೊಂಡು ಪೂಜೆ ಮಾಡ್ತಾ ಕೂತ್ಕೊ" ಎಂದು ಸಿಡುಕುತ್ತಾರೆ. ಸಿಡುಕಲಿ. ಅವತ್ತು ಅನ್ನದ ಮುಂದೆ ಆಡಿದ ಮಾತು ಅವರಿಗೇ ಗಂಟಲಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಈ ಸಿಡುಕು.

ನಾನು ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದೀಯ. ಅಮ್ಮ ಹೋದಾಗ ನಿನಗೆ ಮೂರು ವರ್ಷ, ನನಗೆ ಹದಿನಾರು. ಮಾರನೇ ವರ್ಷ ಈ ಮನೆಗೆ ಸೊಸೆಯಾಗಿ ಬಂದಾಗ ನೀನು ನನ್ನ ಸೆರಗು ಹಿಡಿದುಕೊಂಡೇ ಬಂದೆ. "ಹುಡುಗಿ ಪೆಟ್ಟಿಗೆ ತರಲಿಲ್ಲ, ತಮ್ಮನ್ನ ತಂದಳು" ಎಂದು ಬೀದಿಯವರೆಲ್ಲ ನಕ್ಕರು. ಅವತ್ತೂ ಸುಮ್ಮನೇ ಇದ್ದೆ. ಸುಮ್ಮನಿದ್ದು ಸುಮ್ಮನಿದ್ದೇ ನಿನ್ನನ್ನು ಈ ಮನೆಯಲ್ಲಿ ಬೆಳೆಸಿದೆ. ನಿನಗದು ತಿಳಿಯಲಿಲ್ಲ ಎಂದರೆ ನಾನಿನ್ನೇನು ಹೇಳಲಿ.

ಆರು ಬಂದೂಕು, ಮುಚ್ಚಿದ ಗೋಡೌನು, ಮೇಲೆ ತಗಡು ಎನ್ನುತ್ತೀಯ. ಕಿವಿಗೆ ಏನಿಟ್ಟುಕೊಳ್ಳುತ್ತೀಯ? ಹತ್ತಿಗೆ ಜೇನುಮೇಣ ಸವರಿ ಉಂಡೆ ಮಾಡಿ ಕಳಿಸಿದ್ದೇನೆ, ಹನ್ನೆರಡಿವೆ. ಮುನಿಶಾಮಪ್ಪನವರಿಗೂ ಎರಡು ಕೊಡು.

ಯುಗಾದಿಗೆ ಬರುವುದಾದರೆ ಬಾ. ಬರದಿದ್ದರೂ ಒಬ್ಬಟ್ಟು ಮಾಡುತ್ತೇನೆ, ನಿಮ್ಮ ಭಾವ ತಿನ್ನುತ್ತಾರೆ. ನಿನಗೋಸ್ಕರವೇ ಮಾಡುತ್ತೇನೆ ಎಂದು ತಿಳಿದುಕೊಳ್ಳಬೇಡ.

ಇಂತು,
ಗಂಗಲಕ್ಷ್ಮಮ್ಮ


ಹೊಸಕೋಟೆ ಶಿಬಿರ
೬ ಮೇ ೧೯೪೩

ಅಕ್ಕನಿಗೆ ನಮಸ್ಕಾರ.

ಯುಗಾದಿಗೆ ರಜೆ ಸಿಗಲಿಲ್ಲ. ಹೊಸಬರ ತಂಡ ಬಂದಿಳಿಯಿತು. ಇಲ್ಲಿಯೂ ಒಬ್ಬಟ್ಟು ಮಾಡಿದ್ದರು, ಅದನ್ನು ಹಲಗೆಗೆ ಅಂಟಿಸಿದ್ದರೆ ಗುಂಡೂ ದಾಟುತ್ತಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ನಿನ್ನನ್ನು ನೆನೆದೆ.

ವಾರಕ್ಕೊಮ್ಮೆ ನನಗೂ ಐದು ಗುಂಡು ಕೊಡುತ್ತಾರೆ. ಮೊದಲ ಸಲ ಹವಾಲ್ದಾರರು ಬೆನ್ನ ಹಿಂದೆಯೇ ಕೂತು, "ಉಸಿರು ಎಳ್ಕೊ. ಅರ್ಧ ಬಿಡು. ಅಲ್ಲೇ ನಿಲ್ಸು. ಕುದುರೆ ಜಗ್ಗಬ್ಯಾಡ ಕಣೋ, ಹಿಂಡು, ಹಸೀನ ಕೆಚ್ಚಲು ಹಿಂಡ್ದಂಗೆ" ಎಂದರು. ನಮ್ಮ ಮನೆಯಲ್ಲಿ ಹಸು ಎಲ್ಲಿತ್ತು? ನಾನು ರೇಷ್ಮೆಯ ಎಳೆ ಕಡಿಯದ ಹಾಗೆ ಬಿಗಿಮಾಡುವುದನ್ನು ನೆನೆದುಕೊಂಡು ಬೆರಳು ಒತ್ತಿದೆ. ಐದು ತೂತೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಎಲ್ಲವೂ ಬೊಟ್ಟಿನಿಂದ ಒಂದು ಗೇಣು ಎಡಕ್ಕೆ. "ಶತ್ರು ಪಕ್ಕದಾಗೆ ನಿಂತೋನು ಸತ್ತ" ಎಂದು ಹವಾಲ್ದಾರರು ನಕ್ಕರು. ಈಗ ನಡುವೆಯೇ ಬೀಳುತ್ತವೆ. ಕೋದಂಡರಾಮ ಎಂದು ಹೆಸರಿಟ್ಟದ್ದಕ್ಕೆ ಅಪ್ಪ ಇದ್ದಿದ್ದರೆ ಹಿಗ್ಗುತ್ತಿದ್ದ.

ಆದರೆ ಇಲ್ಲಿ ನನಗೆ ಹೆಸರು ಬಂದದ್ದು ಗುರಿಯಿಂದಲ್ಲ. ಕೇಳು. ಆರು ಜನಕ್ಕೆ ಐದೈದು ಗುಂಡು, ಒಟ್ಟು ಮೂವತ್ತು ಸದ್ದು. ತಗಡಿನ ಮಾಡಿಗೆ ಬಡಿದು ಎಲ್ಲ ಒಂದರಮೇಲೊಂದು ಉರುಳುತ್ತವೆ, ಬೇರೆಯವರಿಗೆ ಅದು ಬರೀ ಗದ್ದಲ. ನನಗೆ ಮಾತ್ರ ಒಂದೊಂದೂ ಬೇರೆ ಕೇಳುತ್ತದೆ. ಬೀದಿಯಲ್ಲಿ ಹತ್ತು ಮಗ್ಗ ಒಟ್ಟಿಗೆ ಬಡಿಯುವಾಗ ನಮ್ಮ ಮಗ್ಗದಲ್ಲಿ ಒಂದೇ ಎಳೆ ಕಡಿದರೂ ಲಾಳಿಯ ಸದ್ದಿನಲ್ಲೇ ಹಿಡಿಯುತ್ತಿದ್ದೆನಲ್ಲ, ಅದೇ ಕಿವಿ. ಕಳೆದ ವಾರ ಎಣಿಸುತ್ತಿದ್ದೆ. ಇಪ್ಪತ್ತೊಂಬತ್ತಾಯಿತು. ಮೂವತ್ತನೆಯದು ಬರಲಿಲ್ಲ, ಎಲ್ಲೋ ಬೋಲ್ಟು ಮುಚ್ಚಿ ಟಿಕ್ ಎಂದಿತು ಅಷ್ಟೆ. ನಾನು ಗಂಟೆ ಮುಟ್ಟಲಿಲ್ಲ. ಅಷ್ಟರಲ್ಲಿ ದೇವನಹಳ್ಳಿ ಕಡೆಯ ಆದಿನಾರಾಯಣಪ್ಪ ಎಂಬ ಹೊಸಬ, ತನ್ನ ಐದೂ ಹಾರಿದವೆಂದುಕೊಂಡು ಬೋಲ್ಟು ತೆರೆಯದೆ ಬಂದೂಕು ಸಮೇತ ಏಳುತ್ತಿದ್ದಾನೆ. "ಇನ್ನೊಂದೈತೆ, ಇನ್ನೊಂದೈತೆ" ಎಂದು ಕಿರುಚಿದೆ. ಹವಾಲ್ದಾರರು ಹಾರಿ ಬಂದು ಬಂದೂಕಿನ ಬಾಯನ್ನು ಮರಳಿನ ಕಡೆಗೆ ಒತ್ತಿ ಹಿಡಿದರು. ಆ ಗಾಬರಿಗೆ ಅವನ ಬೆರಳು ಬಿಗಿಯಿತು, ಗುಂಡು ಹಾರಿತು. ಚೀಲದಿಂದ ಮರಳು ಸುರಿಯಿತು, ಇನ್ನೇನೂ ಆಗಲಿಲ್ಲ. ನಾಲ್ಕು ಜನ ಅವನ ಎಡಕ್ಕೆ ಮಲಗಿದ್ದರು ಅಕ್ಕ.

ಸಂಜೆ ಹವಾಲ್ದಾರರು ಬೆನ್ನು ತಟ್ಟಿ, "ನಿಂದು ಕಿವಿಯಲ್ಲ ಕಣೋ, ತಕ್ಕಡಿ" ಎಂದರು. ಈಗ ಎಣಿಸುವ ಕೆಲಸ ಪೂರ್ತಿ ನನ್ನದು.

ನಿನ್ನ ಹತ್ತಿಯ ಉಂಡೆಗಳನ್ನು ಜೋಪಾನವಾಗಿ ಇಟ್ಟಿದ್ದೇನೆ.

ಪ್ರೀತಿಯ
ಕೋದಂಡ


ದೊಡ್ಡಬಳ್ಳಾಪುರ
೨೮ ಜೂನ್ ೧೯೪೩

ಚಿ. ಕೋದಂಡನಿಗೆ ಆಶೀರ್ವಾದ.

ಜೋಪಾನವಾಗಿಡಲು ಹತ್ತಿಯ ಉಂಡೆ ಏನು ಒಡವೆಯೇ? ಕಿವಿಯಲ್ಲಿಟ್ಟುಕೊಳ್ಳಲು ಕಳಿಸಿದ್ದು. ಹತ್ತಿ ಇಟ್ಟುಕೊಂಡು ಅದು ಹೇಗೆ ಟಿಕ್ ಎನ್ನುವುದು ನಿನಗೆ ಕೇಳಿತು, ಅದನ್ನು ಮೊದಲು ಹೇಳು.

ಆದಿನಾರಾಯಣಪ್ಪನ ತಾಯಿಯ ಹೊಟ್ಟೆ ತಣ್ಣಗಿರಲಿ. ನಿನ್ನ ಕಾಗದವನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ಕೇಳಿ ಎದ್ದು ಹೋದರು. ಆಮೇಲೆ ಜಗಲಿಯಲ್ಲಿ ಕೂತು ಬೀದಿಗೆಲ್ಲ ಕೇಳುವ ಹಾಗೆ, "ನಮ್ಮ ಹುಡುಗನ ಕಿವಿ ಅಂದ್ರೆ ಸುಮ್ನೇನಾ, ನಾನು ಕಲ್ಸಿದ್ದು" ಎಂದು ಹೇಳುತ್ತಿದ್ದುದು ಒಲೆಯ ಮುಂದಿದ್ದ ನನಗೂ ಕೇಳಿಸಿತು. ನಮ್ಮ ಹುಡುಗ ಎಂದರು, ಗಮನಿಸು.

ನನ್ನ ವಿಷಯ ಬರೆಯುವಂಥದ್ದೇನಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪಕ್ಕದ ಪಾಪಕ್ಕನ ಮನೆಯ ಮಗ್ಗ ಬಡಿಯುವಾಗ ನೀನೇ ಕೂತಿದ್ದೀಯ ಎನ್ನಿಸಿ, ಮಜ್ಜಿಗೆ ಲೋಟ ಹಿಡಿದು ಮಗ್ಗದ ಕೋಣೆಗೆ ಹೋಗಿಬಿಡುತ್ತೇನೆ. ಈ ತಿಂಗಳಲ್ಲೇ ನಾಲ್ಕು ಸಲವಾಯಿತು. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಯಾರೂ ಇರುವುದಿಲ್ಲ. ಮಜ್ಜಿಗೆ ನಾನೇ ಕುಡಿದು ಬರುತ್ತೇನೆ. ಹೀಗೇ ಆದರೆ ನಾನು ದಪ್ಪಗಾಗುವುದು ಖಂಡಿತ.

ಗೌರಿ ಹಬ್ಬಕ್ಕೆ ಬರಲೇಬೇಕು. ಯುಗಾದಿಗೆ ಹೇಳಿದಂತೆ ಹೇಳುತ್ತಿಲ್ಲ. ಬೀದಿಯ ಹೆಂಗಸರಿಗೆಲ್ಲ ತವರಿನಿಂದ ಬಾಗಿನ ಬರುತ್ತದೆ. ಅಪ್ಪನಿಲ್ಲ, ಅಮ್ಮನಿಲ್ಲ, ಊರಿನ ಮನೆಯೂ ಇಲ್ಲ. ನನ್ನ ತವರು ಎಂದರೆ ನೀನೊಬ್ಬ. ಮೊರ ಖಾಲಿ ತಂದರೂ ಪರವಾಗಿಲ್ಲ, ನೀನು ತಂದು ಕೈಗೆ ಕೊಟ್ಟರೆ ಸಾಕು. ರಜೆ ಕೊಡದಿದ್ದರೆ ಮುನಿಶಾಮಪ್ಪನವರಿಗೆ ನಾನೇ ಬರೆಯುತ್ತೇನೆ.

ಕಿವಿ ಜೋಪಾನ.

ಗಂಗಲಕ್ಷ್ಮಮ್ಮ


ಹೊಸಕೋಟೆ ಶಿಬಿರ
೫ ಸೆಪ್ಟೆಂಬರ್ ೧೯೪೩

ಅಕ್ಕನಿಗೆ ನಮಸ್ಕಾರ.

ಹಬ್ಬಕ್ಕೆ ಬರಲಾಗಲಿಲ್ಲ. ಯಾರಿಗೂ ರಜೆ ಕೊಡಲಿಲ್ಲ. ಆಷಾಢದಿಂದ ಹೊಸ ಬಗೆಯ ಗಿಡ್ಡ ಬಂದೂಕುಗಳು ಬಂದಿವೆ, ಒಂದೇ ಸಮ ಸಿಡಿಯುತ್ತವೆ. ಅವುಗಳ ಅಭ್ಯಾಸವೂ ಅದೇ ಗೋಡೌನಿನಲ್ಲಿ, ಹಾಗಾಗಿ ಕೆಲಸ ಹೆಚ್ಚು.

ಸೀರೆಗೆ ನನ್ನನ್ನು ಕಾಯಬೇಡ. ಭಾವನೇ ಕೂತು ಮುಗಿಸಲಿ. ನನಗೆ ಬರೆಯದಿದ್ದರೂ ಚಿಂತೆಯಿಲ್ಲ, ನಾನು ಚೆನ್ನಾಗಿದ್ದೇನೆ.

ಕೋದಂಡರಾಮಯ್ಯ


ದೊಡ್ಡಬಳ್ಳಾಪುರ
೧೨ ನವೆಂಬರ್ ೧೯೪೩

ಕೋದಂಡರಾಮಯ್ಯನವರಿಗೆ,

ಇದು ನಾನು ನಿನಗೆ ಬರೆಯುವ ಕೊನೆಯ ಕಾಗದ. ಪೂರ್ತಿ ಓದು.

ಯಾರಿಗೂ ರಜೆ ಕೊಡಲಿಲ್ಲ ಎಂದು ಬರೆದೆ. ಪಾಪಕ್ಕ ತನ್ನ ಮಗಳನ್ನು ಕೊಟ್ಟಿರುವುದು ನಂದಗುಡಿಗೆ ಎಂಬುದನ್ನು ಮರೆತೆಯೇನು? ಗೌರಿ ಹಬ್ಬಕ್ಕೆ ಮುನಿಶಾಮಪ್ಪನವರು ನಾಲ್ಕು ದಿನ ಊರಿನಲ್ಲೇ ಇದ್ದರಂತೆ. ಶಿಬಿರದವರಿಗೆಲ್ಲ ಸರದಿಯ ಮೇಲೆ ರಜೆ ಕೊಟ್ಟರಂತೆ. "ಬಳ್ಳಾಪುರದ ಹುಡುಗ ಒಬ್ನೇ ಬೇಡ ಅಂದ" ಎಂದು ಅವರೇ ಹೇಳಿದರಂತೆ. ನಾನು ಅವತ್ತು ಮಧ್ಯಾಹ್ನ ಮೂರರವರೆಗೆ ಊಟ ಮಾಡದೆ ಕೂತಿದ್ದೆ. ಕೊನೆಗೆ ನಿಮ್ಮ ಭಾವ, ಪಾಪ, ಪೇಟೆಗೆ ಹೋಗಿ ಮೊರ ತಂದು, "ತಗೊ, ಇವತ್ತು ನಾನೇ ನಿನ್ ತವರು" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹುಡುಗನಿಗೆ ಏನೋ ಆಗಿದೆ, ಕಾಗದದಲ್ಲಿ ಮುಚ್ಚಿಡುತ್ತಿದ್ದಾನೆ ಎಂದುಕೊಂಡೆ. ಪಾಪಕ್ಕ ಮಗಳನ್ನು ಬಾಣಂತನಕ್ಕೆ ಕರೆತರಲು ಹೊರಟಾಗ ನಾನೂ ಹೊರಟೆ. ಇದ್ದಿಲು ಉರಿಸಿ ಓಡಿಸುವ ಬಸ್ಸು, ದೇವನಹಳ್ಳಿ ದಾಟಿದ ಮೇಲೆ ಎರಡು ಕಡೆ ಇಳಿದು ತಳ್ಳಿದೆವು. ಹೋದ ವಾರ ಮಂಗಳವಾರ ಹತ್ತು ಗಂಟೆಗೆ ನಿನ್ನ ಶಿಬಿರದ ಮುಳ್ಳುತಂತಿಯ ಬೇಲಿಯ ಹತ್ತಿರ ನಿಂತಿದ್ದೆ. ಕಾವಲಿನವನು ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ನೀನೇ ಬಂದೆ. ಕೈಯಲ್ಲಿ ಗಂಜಿ ಪಾತ್ರೆ. ಬೇಲಿಯಿಂದ ಹತ್ತು ಮಾರು ಇರಬಹುದು. ಎಷ್ಟು ಸೊರಗಿದ್ದೀಯ. ನನ್ನ ಕಡೆಗೆ ಬೆನ್ನು ಮಾಡಿ ಗೋಡೌನಿನ ಕಡೆ ನಡೆದೆ.

ನಿನಗೊಂದು ಮಾತು ಹೇಳಬೇಕು. ನೀನು ಮನೆ ಬಿಟ್ಟ ದಿನ ಬೀದಿಯ ತುದಿಯವರೆಗೆ ಮೆಲ್ಲಗೆ ನಡೆದೆ ಎಂದು ಬರೆದಿದ್ದೆ. ನನಗೆ ಕಾಣುತ್ತಿತ್ತು. ಹೊಸ್ತಿಲ ಮೇಲೆ ನಿಂತು ಬಾಯಿಗೆ ಸೆರಗು ತುರುಕಿಕೊಂಡಿದ್ದೆ. ದಂಡಿಗೆ ಹೊರಟವನನ್ನು ಹಿಂದಿನಿಂದ ಕೂಗಿದರೆ ಅವನಿಗೆ ಕೇಡಾಗುತ್ತದೆ. ಚಿಕ್ಕಂದಿನಿಂದ ಕೇಳಿದ್ದು. ನೀನು ಹಿಂದಿರುಗಿ ಬರದಿದ್ದರೂ ಸರಿ, ಜೀವಂತ ಇರಲಿ ಎಂದು ಬಾಯಿ ಮುಚ್ಚಿಕೊಂಡೆ. ನೀನು ಅದನ್ನೇ ಎತ್ತಿ ಆಡಿದೆ.

ಬೇಲಿಯ ಹತ್ತಿರ ಆ ಭಯವನ್ನೂ ಬಿಟ್ಟೆ. ಹಿಂದಿನಿಂದಲೇ ಕೂಗಿದೆ. ಒಂದು ಸಲವಲ್ಲ, ಮೂರು ಸಲ. ಮರದ ಮೇಲಿನ ಕಾಗೆ ಹಾರಿಹೋಯಿತು. ಕಾವಲಿನವನು ತಿರುಗಿ ನೋಡಿದ. ನೀನು ನೋಡಲಿಲ್ಲ. ಹೆಜ್ಜೆಯೂ ನಿಧಾನವಾಗಲಿಲ್ಲ. ನೇರ ಒಳಗೆ ಹೋದೆ.

ಬೀದಿಯವರ ಮುಂದೆ ನಾಚಿಕೆಪಡುವ ಕಾಲ ಎಂದೋ ಹೋಯಿತು. ಆದರೆ ಹತ್ತು ಮಾರು ದೂರದಲ್ಲಿ ಅಕ್ಕ ಕೂಗುತ್ತಿದ್ದರೂ ತಿರುಗದಷ್ಟು ಕೋಪ ಎಲ್ಲಿಟ್ಟುಕೊಂಡಿದ್ದೆ? ಯಾವ ತಪ್ಪಿಗೆ?

ಊರಿಗೆ ಬಂದ ಮಾರನೇ ದಿನವೇ ನಿಮ್ಮ ಭಾವನನ್ನು ಮಗ್ಗಕ್ಕೆ ಕೂರಿಸಿದೆ. ಸೀರೆ ಮುಗಿಯಿತು. ಗೆರೆ ಬಿದ್ದಿದೆ.

ಗಂಗಲಕ್ಷ್ಮಮ್ಮ


ಹೊಸಕೋಟೆ ಶಿಬಿರ
೩ ಡಿಸೆಂಬರ್ ೧೯೪೩

ಅಕ್ಕ,

ಇದನ್ನು ಹರಿಯದೆ ಓದು. ನಿನ್ನ ಕಾಲು ಹಿಡಿದು ಕೇಳುತ್ತೇನೆ.

ನನಗೆ ಕೇಳಿಸಲಿಲ್ಲ.

ಕೋಪವಲ್ಲ, ಹಟವಲ್ಲ. ನೀನು ಬಂದದ್ದೇ ತಿಳಿಯದು. ನನಗೆ ಕಿವಿ ಕೇಳುವುದಿಲ್ಲ ಅಕ್ಕ. ನೀನು ಅನುಮಾನಪಟ್ಟದ್ದು ಸರಿ, ಹತ್ತಿಯನ್ನು ನಾನು ಒಂದು ದಿನವೂ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡರೆ ಮೂವತ್ತು ಸದ್ದು ಬಿಡಿಸಿ ಎಣಿಸಲಾಗುತ್ತಿರಲಿಲ್ಲ. ಹವಾಲ್ದಾರರು ದಿನಾ ಕೇಳುತ್ತಿದ್ದರು, "ಹತ್ತಿ ಇಟ್ಕೊಂಡ್ಯೇನೋ?" ಹೂಂ ಎನ್ನುತ್ತಿದ್ದೆ. ನೇಕಾರನ ಕಿವಿ ಎಂದು ಎಲ್ಲರೂ ಹೊಗಳುವಾಗ ಅದನ್ನು ಮುಚ್ಚಿಕೊಳ್ಳಲು ಮನಸ್ಸು ಬರಲಿಲ್ಲ. ಆ ಗಿಡ್ಡ ಬಂದೂಕುಗಳು ಬಂದ ಮೇಲೆ ಮೊದಲು ಜೀರುಂಡೆಯ ಹಾಗೆ ಕೊರೆಯಿತು, ಹಗಲೂ ರಾತ್ರಿ ನಿಲ್ಲಲಿಲ್ಲ. ಶ್ರಾವಣದ ಹೊತ್ತಿಗೆ ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಕಲಿತಿದ್ದೆ. ಗೌರಿ ಹಬ್ಬಕ್ಕೆ ಬಂದಿದ್ದರೆ ನೀನು ಅರ್ಧ ಗಳಿಗೆಯಲ್ಲಿ ಕಂಡುಹಿಡಿಯುತ್ತಿದ್ದೆ. ಭಾವನ ಮುಂದೆ ಮಗ್ಗಕ್ಕೆ ಕೂತು, ಎಳೆ ಕಡಿದದ್ದು ತಿಳಿಯದೆ ಲಾಳಿ ಎಸೆಯುತ್ತಿದ್ದೆ. ಮೂವರಿಗೆ ಸಾಲದ ಮಗ್ಗಕ್ಕೆ ಕಿವುಡನೊಬ್ಬ ಬಂದು ಕೂತುಕೊಳ್ಳುವುದೇ ಎಂದು ಸುಳ್ಳು ಬರೆದೆ.

ನಿನ್ನ ಕಾಗದ ಬಂದದ್ದು ಹೋದ ತಿಂಗಳು ೧೮ರಂದು. ಓದಿದ ಮೇಲೆ ಬೇಲಿಯ ಹತ್ತಿರ ಹೋಗಿ ನೀನು ನಿಂತಿದ್ದ ಜಾಗ ಯಾವುದಿರಬಹುದೆಂದು ಹುಡುಕಿದೆ. ಆ ಕ್ಷಣದಲ್ಲೇ ಹವಾಲ್ದಾರರಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಮತ್ತೆ ಗಂಟೆಯ ಹತ್ತಿರ ಹೋಗಿ ನಿಂತೆ. ಮೂರು ತಿಂಗಳಿಂದ ನಾನು ಎಣಿಸುತ್ತಿದ್ದುದು ಸದ್ದನ್ನಲ್ಲ, ಬ್ಯಾರೆಲ್ಲಿನ ತುದಿಯ ಹೊಗೆಯನ್ನು. ಅವತ್ತು ಹವಾಲ್ದಾರರು ಸಾಲಿನ ಈ ಕೊನೆಯಲ್ಲಿ ಮೊದಲನೆಯವನ ಮೊಣಕೈ ತಿದ್ದುತ್ತಿದ್ದರು. ಮೂವತ್ತಾಯಿತು ಎಂದು ಗಂಟೆ ಬಾರಿಸಿದೆ, ಗಂಜಿ ಪಾತ್ರೆ ಹಿಡಿದು ಹಲಗೆಯ ಹತ್ತಿರ ಹೋದೆ. ಇನ್ನೊಂದಿತ್ತು. ಆರನೆಯವನು ಕಿವಿಗೆ ಹತ್ತಿ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದಿದ್ದ. ಕಲಿಸಿದಂತೆಯೇ ಮಾಡಿದ, ಅವನ ತಪ್ಪೇನೂ ಇಲ್ಲ. ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಹಲಗೆಗೆ ತೂತು ಬಿದ್ದದ್ದನ್ನು ಕಂಡೆ. ಸದ್ದು ಕೇಳಲಿಲ್ಲ.

ಸಾಯುವ ಭಯಕ್ಕಿಂತ ಬೇರೆ ಭಯ ಬಂತು. ನನ್ನ ಜಾಗದಲ್ಲಿ ನನ್ನ ಗಂಟೆಯನ್ನು ನಂಬಿದ ಬೇರೊಬ್ಬ ಇದ್ದಿದ್ದರೆ? ಹೋಗಿ ಗಂಟೆಯನ್ನು ಹವಾಲ್ದಾರರ ಕೈಯಲ್ಲಿಟ್ಟು ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಏನೋ ಮಾತಾಡಿದರು. ಮೀಸೆ ಅಡ್ಡ ಬಂದು ತುಟಿ ಕಾಣಲಿಲ್ಲ, ಕಣ್ಣಲ್ಲಿ ನೀರಿದ್ದದ್ದು ಮಾತ್ರ ಕಂಡಿತು. ದಂಡಿನ ವೈದ್ಯರು ನೋಡಿದ್ದಾರೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಹತ್ತಿರ ಬಂದು ಗಟ್ಟಿಯಾಗಿ ಕೂಗಿದರೆ ಏನೋ ಒಂದಿಷ್ಟು. ಇನ್ನೆರಡು ವಾರದಲ್ಲಿ ನನ್ನನ್ನು ಬಿಟ್ಟುಕಳಿಸುತ್ತಾರೆ. ಎಲ್ಲಿಗೆ ಎಂದು ಬರೆಸಬೇಕೋ ತಿಳಿಯದೆ ಬಿಡುಗಡೆಯ ಕಾಗದವನ್ನು ಇನ್ನೂ ತುಂಬಿಲ್ಲ.

ಒಂದೇ ಒಂದನ್ನು ಕೇಳುತ್ತೇನೆ. ಹತ್ತು ತಿಂಗಳು ಇದೊಂದಕ್ಕೇ ಕಾದಿದ್ದೆ, ಅದು ನನ್ನ ಬೆನ್ನ ಹಿಂದೆಯೇ ಬಂದು ಹೋಯಿತು. ಮೂರು ಸಲ ಕೂಗಿದೆ ಎಂದು ಬರೆದಿದ್ದೀಯ. ಏನೆಂದು ಕೂಗಿದೆ? ನನಗೆ ಬರೆದು ಹೇಳು.

ಕೋದಂಡ


ದೊಡ್ಡಬಳ್ಳಾಪುರ
೧೦ ಡಿಸೆಂಬರ್ ೧೯೪೩

ಚಿರಂಜೀವಿ ಕೋದಂಡನಿಗೆ,

ಕೊನೆಯ ಕಾಗದ ಎಂದು ಬರೆದಿದ್ದೆ. ಸುಳ್ಳು ಬರೆಯುವುದು ನಿನಗೊಬ್ಬನಿಗೇ ಬರುತ್ತದೆಯೇ?

ನಿನ್ನ ಪತ್ರವನ್ನು ನಿಂತೇ ಓದಿದೆ, ಆಮೇಲೆ ಕೂತೆ. ನಿಮ್ಮ ಭಾವ ಗಾಬರಿಯಾಗಿ ಏನಾಯಿತೆಂದು ಕೇಳಿದರು. ಓದಿ ಹೇಳಲು ಹೋಗಿ ಅರ್ಧಕ್ಕೇ ಕಾಗದ ಕೆಳಗಿಟ್ಟುಬಿಟ್ಟೆ. ಪಾಪಕ್ಕನನ್ನು ಕರೆದು ಉಳಿದದ್ದನ್ನು ಅವಳಿಂದ ಓದಿಸಿದೆವು. ಆ ಮಗ್ಗದ ಮಾತು ಬಂದಾಗ ಇವರು ಎದ್ದು ಗೋಡೆಯ ಕಡೆ ತಿರುಗಿ ನಿಂತರು. "ಅವತ್ತು ನನ್ ನಾಲಿಗೆ ಬಿದ್ದೋಗಬಾರ್ದಿತ್ತಾ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಎಳೆ ಕಡಿದ್ರೆ ನಾನು ಹೇಳ್ತೀನಿ, ಪಕ್ಕದಲ್ಲೇ ಕೂತಿರ್ತೀನಲ್ಲ. ಬರೋಕ್ ಹೇಳು. ಬರೋಕ್ ಹೇಳು ಅಂದ್ನಲ್ಲ, ಬರಿ" ಎಂದು ನನ್ನ ಮೇಲೆಯೇ ರೇಗಿದರು. ಬರೆಯುತ್ತಿದ್ದೇನೆ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಹೊಗಳಿಕೆಗೆ ಕಿವಿ ಕೊಟ್ಟು ಕಿವಿಯನ್ನೇ ಕಳೆದುಕೊಂಡೆ. ಗಂಟೆಯನ್ನು ಕೊನೆಗಾದರೂ ಕೈಬಿಟ್ಟೆಯಲ್ಲ, ಅಷ್ಟಕ್ಕೆ ನನ್ನ ಸಾಕಣೆ ಪೂರ್ತಿ ಹಾಳಾಗಿಲ್ಲ. ಉಳಿದ ಬೈಗುಳ ನೀನು ಬಂದ ಮೇಲೆ. ಕೇಳಿಸುವುದಿಲ್ಲವೆಂದು ಪಾರಾಗುತ್ತೀಯ ಎಂದುಕೊಳ್ಳಬೇಡ, ನನ್ನ ತುಟಿ ನೋಡುತ್ತ ಕೂರಬೇಕು.

ಎಲ್ಲಿಗೆ ಎಂಬ ಜಾಗದಲ್ಲಿ ದೊಡ್ಡಬಳ್ಳಾಪುರ, ದೇವಾಂಗ ಬೀದಿ, ಗಂಗಲಕ್ಷ್ಮಮ್ಮನ ಮನೆ ಎಂದು ತುಂಬು. ಯಾವ ದಿನ ಬಿಡುತ್ತಾರೆಂದು ಬರೆ. ಬಸ್ಸಿನ ಹತ್ತಿರ ನಾವಿಬ್ಬರೂ ಇರುತ್ತೇವೆ.

ಏನೆಂದು ಕೂಗಿದೆ ಎಂದು ಕೇಳಿದ್ದೀಯ. ಮೊದಲ ಸಲ ಕೋದಂಡ ಎಂದೆ. ನೀನು ತಿರುಗಲಿಲ್ಲ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ, ಕೋದಂಡರಾಮಾ ಎಂದೆ. ಆಗಲೂ ನೀನು ನಡೆಯುತ್ತಲೇ ಇದ್ದೆ. ಮೂರನೆಯದನ್ನು ನಾನು ಯೋಚಿಸಿ ಕೂಗಲಿಲ್ಲ. ಹದಿನೇಳು ವರ್ಷದಿಂದ, ಜನ ನಗುತ್ತಾರೆಂದು, ಸತ್ತ ಅಮ್ಮನದನ್ನು ಕಿತ್ತುಕೊಂಡಂತಾಗುತ್ತದೆಂದು ಬಾಯಿಗೆ ಬಂದರೂ ನುಂಗಿಕೊಂಡದ್ದು ತಾನಾಗಿಯೇ ಬಂತು.

ಮಗನೇ ಎಂದೆ.

ಗಂಗಲಕ್ಷ್ಮಮ್ಮ